ತೋಟದ ಕಚೇರಿಯ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ ನಾನು ಬಹುಕಾಲದಿಂದ ರೈಟರಾಗಿದ್ದೇನೆ, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಆ ಕಚೇರಿಯ ಮೇಜಿನ ಮೇಲೆ 2008ರಲ್ಲಿ ಕೊಂಡ ಕಂಪ್ಯೂಟರೊಂದು ಈಗಲೂ ಇದೆ. ಆಳುಗಳ ಹಾಜರಿ ಮತ್ತು ಕೂಲಿಯ ಪಟ್ಟಿಯಾದ ಚೆಕ್‌ರೋಲು, ಗೊಬ್ಬರದ ಲೆಕ್ಕ, ದಿನದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೆಯ ಭಾಗ) ಬರೆದಿಟ್ಟ ಪಟ್ಟಿ, ಎಲ್ಲವೂ ಅದರಲ್ಲಿಯೇ. ಹೋದ ಮಳೆಗಾಲದಲ್ಲಿ ಪುನರ್ವಸು ಹಿಡಿದು, ತಂತಿಯ ಮೇಲೆ ಕೊಂಬೆ ಬಿದ್ದು, ಕರೆಂಟು ಗಳಿಗೆಗೊಮ್ಮೆ ಹೋಗಿಬರುತ್ತಿದ್ದ ವಾರದಲ್ಲಿ ಅದರ ಹಾರ್ಡ್ ಡಿಸ್ಕು ಹಲ್ಲಿ ಲೊಚಗುಟ್ಟಿದಂತೆ ಸದ್ದು ಮಾಡತೊಡಗಿತು. ಡಿಸ್ಕನ್ನು ಬದಲಿಸುವುದು ನಾಲ್ಕು ಸ್ಕ್ರೂಗಳ ಕೆಲಸ. ಹೊಸ ಡಿಸ್ಕಿನ ಮೇಲೆ ಹಳೆಯ ವ್ಯವಸ್ಥೆಯನ್ನು ಮತ್ತೆ ನಿಲ್ಲಿಸಲು ನನಗೆ ಮೂರು ದಿನ ಹಿಡಿಯಿತು; ಅದರಲ್ಲಿ ಎರಡು ದಿನ, ಮೊದಲೇ ಕೂಡಿಟ್ಟುಕೊಳ್ಳಬೇಕಾಗಿದ್ದ ಸಾಮಾನುಗಳನ್ನು ಹುಡುಕುವುದರಲ್ಲಿಯೇ ಕಳೆಯಿತು.

ಹೊಸ ಕಂಪ್ಯೂಟರನ್ನೇ ಕೊಳ್ಳಬಾರದಿತ್ತೇ ಎಂದು ಕೆಲವರು ಕೇಳಿದರು. ನಮ್ಮ ಚೆಕ್‌ರೋಲಿನ ಪ್ರೋಗ್ರಾಮು ನಡೆಯುವುದು ವಿಂಡೋಸ್‌ನ ಹಳೆಯ ಆವೃತ್ತಿಯಾದ ಎಕ್ಸ್‌ಪಿಯಲ್ಲಿ. ಬಟವಾಡೆಯ ಚೀಟಿ ಒತ್ತುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬೇಕಾದದ್ದು ಅಗಲವಾದ ಹಳೆಯ ಪ್ಯಾರಲಲ್ ಪೋರ್ಟು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಬೆಂಬಲ ನಿಲ್ಲಿಸಿದ್ದರಿಂದ ಈ ಯಂತ್ರಕ್ಕೆ ನಾವು ಇಂಟರ್ನೆಟ್ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಡಿಸ್ಕು ಸದ್ದು ಮಾಡಿದರೆ ಯಂತ್ರವನ್ನು ಆರಿಸಿ ಸುಮ್ಮನಿರಬೇಕು. ಮತ್ತೆ ಮತ್ತೆ ಹಚ್ಚಿ ನೋಡುವ ಚಪಲವೇ, ಒಳಗಿನ ತಟ್ಟೆಯನ್ನು ಓದುವ ಸೂಜಿಗೆ ಇನ್ನಷ್ಟು ಗೀರುವ ಅವಕಾಶ ಕೊಡುತ್ತದೆ. ನಾನು ಬೇರೊಂದು ಕಂಪ್ಯೂಟರನ್ನು ಪೆನ್‌ಡ್ರೈವಿನಲ್ಲಿದ್ದ, ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಿಂದ ಚಾಲೂ ಮಾಡಿ, ಅದಕ್ಕೆ ಹಳೆಯ ಡಿಸ್ಕನ್ನೂ ಒಂದು ಖಾಲಿ ಡಿಸ್ಕನ್ನೂ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮನ್ನು ಓಡಿಸಿದೆ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಹಿಂದಿರುಗುತ್ತದೆ. ಎಲ್ಲಿಯವರೆಗೆ ಬಂದೆನೆಂದು ಕಡತವೊಂದರಲ್ಲಿ ಗುರುತಿಟ್ಟುಕೊಳ್ಳುವುದರಿಂದ, ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಲೆಕ್ಕಪತ್ರಗಳು ಉಳಿದವು, ವಿಂಡೋಸ್ ಇದ್ದ ಭಾಗ ಉಳಿಯಲಿಲ್ಲ. ಕಂಪ್ಯೂಟರಿನೊಡನೆ ಸಿ.ಡಿ. ಕೊಡದೆ, ವ್ಯವಸ್ಥೆಯನ್ನು ಮರಳಿ ಸ್ಥಾಪಿಸುವ ಕಡತಗಳನ್ನು ಅದೇ ಡಿಸ್ಕಿನ ಮರೆಯ ವಿಭಾಗವೊಂದರಲ್ಲಿ ಇಟ್ಟು ಮಾರಿದ್ದರು. ಬೀಗದಕೈಯನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದಂತಾಯಿತು. ಕೊನೆಗೆ ಅದೇ ಕಂಪನಿಯ ಕಂಪ್ಯೂಟರಿದ್ದ ಪಕ್ಕದ ತೋಟದಿಂದ ಸಿ.ಡಿ. ತಂದೆ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಟಿಸಿರುವ ಚೀಟಿಯ 25 ಅಕ್ಷರಗಳ ಕೀಲಿ ಸಂಖ್ಯೆಯನ್ನು ಅಂಗಡಿಯಲ್ಲಿ ಬಿಡಿಯಾಗಿ ಮಾರುತ್ತಿದ್ದ ಎಕ್ಸ್‌ಪಿ ಸಿ.ಡಿ. ಒಪ್ಪುವುದಿಲ್ಲ, ಕಂಪ್ಯೂಟರಿನೊಡನೆ ಬರುವ ಬಗೆಯ ಸಿ.ಡಿ.ಯೇ ಬೇಕು. ಆ ಚೀಟಿಯ ಶಾಯಿ ಮಾಸುತ್ತ ಹೋಗುತ್ತದೆ. ಈವತ್ತೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಸಿ.ಡಿ. ಹಾಕಿದರೆ, ಹಾರ್ಡ್ ಡಿಸ್ಕೇ ಇಲ್ಲವೆಂದು ಅದು ಹೇಳಿತು. ಹೊಸ ಡಿಸ್ಕು ಕೆಟ್ಟದ್ದೆಂದು ಚಿಕ್ಕಮಗಳೂರಿನ ಅಂಗಡಿಗೆ ಹಿಂದಿರುಗಿಸಲು ಹೊರಟವನನ್ನು ಮಳೆಯೇ ತಡೆಯಿತೆನ್ನಬೇಕು. ತಪ್ಪು ಡಿಸ್ಕಿನದಾಗಿರಲಿಲ್ಲ. ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ, 3 ವೋಲ್ಟಿನ, ಸಿಆರ್2032 ಎಂಬ ಬ್ಯಾಟರಿಯಿದೆ. ಅದು ಸತ್ತುಹೋಗಿದ್ದರಿಂದ, ಪ್ಲಗ್ ಕಿತ್ತಿಟ್ಟಿದ್ದ ರಾತ್ರಿಯಲ್ಲಿ ಯಂತ್ರ ಹಚ್ಚಿದೊಡನೆ ಮೊದಲು ಓಡುವ ಬಯಾಸ್ ಎಂಬ ಪ್ರೋಗ್ರಾಮಿನ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿ, ಸಾಟಾ ಎಂಬ ಬಗೆಯ ತಂತಿಯಿಂದ ಜೋಡಿಸುವ ಡಿಸ್ಕುಗಳ ನಡವಳಿಕೆ ಎಎಚ್‌ಸಿಐ ಎಂಬ ಹೊಸ ಬಗೆಗೆ ತಿರುಗಿತ್ತು. ಎಕ್ಸ್‌ಪಿಯ ಸಿ.ಡಿ.ಯಲ್ಲಿ ಅದಕ್ಕೆ ಬೇಕಾದ ಡ್ರೈವರು, ಅಂದರೆ ಸಾಧನವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ, ಇಲ್ಲ. ಎಫ್6 ಗುಂಡಿ ಒತ್ತಿ ಫ್ಲಾಪಿಯಿಂದ ಕೊಡಬಹುದು, ಆದರೆ ಈಗ ಫ್ಲಾಪಿಯನ್ನು ಎಲ್ಲಿಂದ ತರುವುದು? ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ ಐಡಿಇ ಎಂಬ ಹಳೆಯ ಬಗೆಯನ್ನು ಆರಿಸಿ, ತಾರೀಖನ್ನು ಸರಿಪಡಿಸಿದ ಮೇಲೆ ಡಿಸ್ಕು ಕಣ್ಣಿಗೆ ಬಿತ್ತು.

ಇನ್ನೊಂದು ಸೂಕ್ಷ್ಮವನ್ನು ಅವಸರದಲ್ಲಿ ಬಿಟ್ಟರೆ ಯಂತ್ರ ಕೊನೆಯವರೆಗೂ ಕುಂಟುತ್ತದೆ. ಡಿಸ್ಕು ಒಂದು ಸಲಕ್ಕೆ ಬರೆಯುವ ಅತಿ ಚಿಕ್ಕ ತುಂಡಿಗೆ ಸೆಕ್ಟರು ಎನ್ನುತ್ತಾರೆ; ಹಳೆಯ ಡಿಸ್ಕುಗಳ ಒಂದೊಂದು ಸೆಕ್ಟರು 512 ಬೈಟಿನದು. ಈಗಿನ ಹೆಚ್ಚಿನ ಡಿಸ್ಕುಗಳು ಒಳಗೊಳಗೆ 4096 ಬೈಟುಗಳ ತುಂಡುಗಳಲ್ಲಿ ಬರೆಯುತ್ತವೆ, ಅಂದರೆ ಹಳೆಯ 8 ಸೆಕ್ಟರುಗಳಿಗೆ ಹೊಸದೊಂದು. ಎಕ್ಸ್‌ಪಿ ತಾನೇ ವಿಭಾಗ ಮಾಡಿದರೆ 63ನೆಯ ಸೆಕ್ಟರಿನಿಂದ ಶುರುಮಾಡುತ್ತದೆ. 63ನ್ನು 8 ಭಾಗಿಸುವುದಿಲ್ಲ. ಹೀಗಾಗಿ ಬೇಲಿ ಗದ್ದೆಯ ಬದುವಿನ ಮೇಲೆ ಬರದೆ ಗದ್ದೆಯ ನಡುವೆ ಬಂದಂತಾಗಿ, ಒಂದು ತುಂಡಿಗೆ ಬರೆಯಬೇಕಾದಲ್ಲಿ ಎರಡನ್ನು ಮುಟ್ಟಬೇಕಾಗುತ್ತದೆ. ಲಿನಕ್ಸ್‌ನ ಜಿಪಾರ್ಟೆಡ್ ಎಂಬ ಪ್ರೋಗ್ರಾಮನ್ನು ಬಳಸಿ 2048ನೆಯ ಸೆಕ್ಟರಿನಿಂದ ವಿಭಾಗವನ್ನು ಮೊದಲೇ ಮಾಡಿಟ್ಟರೆ ಎಕ್ಸ್‌ಪಿ ತಕರಾರಿಲ್ಲದೆ ಅದರಲ್ಲಿ ಕೂರುತ್ತದೆ.

ಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯಂತ್ರ ಮೊದಲ ಸಲ ಮರುಚಾಲೂ ಆದಾಗ, ಸಿ.ಡಿ.ಯಿಂದ ಆರಂಭಿಸಲು ಯಾವುದಾದರೂ ಗುಂಡಿ ಒತ್ತಿ ಎಂದು ಅದು ಮತ್ತೆ ಕೇಳುತ್ತದೆ, ಆಗ ಒತ್ತಬಾರದು. ನಾನು ವಿಧೇಯನಾಗಿ ಒತ್ತಿ, ಮುಗಿದ ಕೆಲಸವನ್ನೇ ಎರಡನೆಯ ಸಲ ಮಾಡಿದೆ.

ಡ್ರೈವರುಗಳನ್ನು ಹಾಕುವಾಗ, ಮದರ್‌ಬೋರ್ಡಿನ ಮುಖ್ಯ ಚಿಪ್ಪುಗಳಾದ ಚಿಪ್‌ಸೆಟ್ಟಿನದು ಮೊದಲು. ಪರದೆ, ಧ್ವನಿ, ಉಳಿದದ್ದು ಆಮೇಲೆ. ಹಳದಿ ಪ್ರಶ್ನೆಚಿಹ್ನೆಯಿರುವ ಸಾಧನ ಯಾವುದೆಂದು ತಿಳಿಯದಿದ್ದರೆ ಡಿವೈಸ್ ಮ್ಯಾನೇಜರಿನ ವಿವರಗಳಲ್ಲಿ ಅದರ ಗುರುತಿನ ಸಂಖ್ಯೆ ಸಿಗುತ್ತದೆ. ತಯಾರಕರ ಸಂಖ್ಯೆ 8086 ಎಂದಿದ್ದರೆ ಅದು ಇಂಟೆಲ್‌ನದು. ಆ ಸಂಖ್ಯೆ ಹಿಡಿದು, ಇಂಟರ್ನೆಟ್ ಇರುವ ಬೇರೆ ಯಂತ್ರದಲ್ಲಿ ಡ್ರೈವರು ಇಳಿಸಿಕೊಳ್ಳಬೇಕು.

ನಮ್ಮಂಥವರಿಗೆ ನಿಜವಾದ ಗಾಬರಿ ಕಾದಿರುವುದು ಇದಾದ ಮೇಲೆ. ಆಳುಗಳ ಹೆಸರಿನ ಪಟ್ಟಿಯನ್ನು ತೆರೆದರೆ, ಮೈತುಂಬ ಇಂಗ್ಲಿಷ್ ಅಕ್ಷರಗಳೂ ಎಂದೂ ಕಾಣದ ಚಿಹ್ನೆಗಳೂ. ಕಡತ ಹಾಳಾಯಿತೆಂದು ಕಚೇರಿಯ ಹುಡುಗ ಅಳಿಸಿಹಾಕುವುದರಲ್ಲಿದ್ದ. ಅಂದಿನ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಗಿತ್ತು. ಫಾಂಟು ಇಲ್ಲದಿದ್ದರೆ ಆ ಮನೆಗಳ ಮೂಲ ಒಡೆಯರೇ ಹೊರಗೆ ಬರುತ್ತಾರೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಮತ್ತೆ ಸ್ಥಾಪಿಸಿದೊಡನೆ ಹೆಸರುಗಳೆಲ್ಲ ತಂತಮ್ಮ ಸಾಲಿನಲ್ಲಿ ನಿಂತವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಬರೆದ ಕಡತಗಳ ಸಂಗತಿ ಬೇರೆ. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಇದೆಯಾದರೂ, ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಗಳ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ, ಅದು ಕೇಳಿದಾಗ ಸಿ.ಡಿ.ಯನ್ನು ಕೊಡುವವರೆಗೆ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಸಿ.ಡಿ.ಯನ್ನು ಪಕ್ಕದ ತೋಟಕ್ಕೆ ಹಿಂದಿರುಗಿಸುವ ಮೊದಲು ಈ ಕೆಲಸ ಮುಗಿಸಿ. ನಾನು ಹಿಂದಿರುಗಿಸಿ ಬಂದು, ಮತ್ತೆ ಹೋಗಿ ಕೇಳಿದೆ.

ನಕಲು ತೆಗೆದ ಡಿಸ್ಕನ್ನು ಎರಡನೆಯದಾಗಿ ಜೋಡಿಸಿದಾಗ, ನನ್ನದೇ ಕಡತಗಳಿಗೆ ನನಗೇ ಪ್ರವೇಶವಿಲ್ಲವೆಂದಿತು. ಬಳಕೆದಾರನ ಹೆಸರನ್ನು ಮೊದಲಿನಂತೆಯೇ ಕೊಟ್ಟಿದ್ದೆ. ಆದರೆ ವಿಂಡೋಸ್ ನೋಡುವುದು ಹೆಸರನ್ನಲ್ಲ, ಪ್ರತಿ ಸ್ಥಾಪನೆಯಲ್ಲಿ ತಾನೇ ಹೊಸದಾಗಿ ಕೊಡುವ ಗುರುತಿನ ಸಂಖ್ಯೆಯನ್ನು. ಪಹಣಿಯಲ್ಲಿ ಹೆಸರು ಅದೇ ಇದ್ದು ಸರ್ವೆ ನಂಬರು ಬೇರೆಯಾದಂತೆ. ನಮ್ಮದು ಫೋಲ್ಡರಿನ ಸೆಕ್ಯೂರಿಟಿ ಪುಟವನ್ನು ಮಾಮೂಲಾಗಿ ತೋರಿಸದ ಎಕ್ಸ್‌ಪಿ ಹೋಮ್ ಆದ್ದರಿಂದ, ಸೇಫ್ ಮೋಡ್ ಎಂಬ ಕನಿಷ್ಠ ಸ್ಥಿತಿಯಲ್ಲಿ ಚಾಲೂ ಮಾಡಿ, ಆ ಪುಟದಲ್ಲಿ ಒಡೆತನವನ್ನು ನನ್ನ ಹೆಸರಿಗೆ ಮಾಡಿಕೊಳ್ಳಬೇಕಾಯಿತು.

ಎಲ್ಲವೂ ಸರಿಯಾದ ದಿನವೇ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಹೊರಗಿನ ಡಿಸ್ಕೊಂದಕ್ಕೆ ತೆಗೆದೆ. ಡ್ರೈವರುಗಳು, ನುಡಿ, ಸಿ.ಡಿ.ಯ ಪ್ರತಿ, ಕೀಲಿ ಚೀಟಿಯ ಫೋಟೋ, ಎಲ್ಲವೂ ಅದರಲ್ಲಿಯೇ ಇವೆ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವುದರಿಂದ, ಆ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಹಾಕಿ, ಕಚೇರಿಯಲ್ಲಿಡದೆ ಮನೆಯ ಬೀರುವಿನಲ್ಲಿಟ್ಟಿದ್ದೇನೆ. ಆ ಪಡಿಯಚ್ಚನ್ನು ಇಳಿಸಲು ಮೂಲದಷ್ಟೇ ದೊಡ್ಡ, ಇಲ್ಲವೇ ಅದಕ್ಕಿಂತ ದೊಡ್ಡ ಡಿಸ್ಕು ಬೇಕಾದ್ದರಿಂದ, ಡಬ್ಬಿಯ ಮೇಲೆ ‘500 ಜಿ.ಬಿ.ಗೆ ಕಡಿಮೆ ತರಬೇಡಿ’ ಎಂದು ಬರೆದಿದ್ದೇನೆ.

ನಮಸ್ಕಾರ.