ಸಂಕ್ರಮಣಕ್ಕೆ ನಿಂತವನ ತೆರಿಗೆ

ನಮಸ್ಕಾರ. ಗೋಣಿಕೊಪ್ಪದಲ್ಲಿ ಮಳೆ ಹಿಡಿದಿದೆ. ಹೆಂಚಿನ ಸದ್ದು ಮೈಕಿನೊಳಗೆ ಬಂದರೆ ಸ್ವಲ್ಪ ಸಹಿಸಿಕೊಳ್ಳಿ. ಇವತ್ತಿನ ವಿಷಯ ತೆರಿಗೆ. ಓಡಿ ಹೋಗಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಗಲ್ಫ್‌ಗೆ ಹೊರಟಿದ್ದರೆ ಈ ಹತ್ತು ನಿಮಿಷ ಅವರ ಒಂದು ತಿಂಗಳ ಸಂಬಳ ಉಳಿಸಬಹುದು. ನಾನು ಆ ಸಂಬಳ ಕಳೆದುಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

2016ರಲ್ಲಿ ನನಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಸೆಪ್ಟೆಂಬರ್ ಕೊನೆಗೇ ಬಾ ಅಂದಿದ್ದರು. ಅವ್ವ ಬಿಡಲಿಲ್ಲ. "ಕೈಲ್‌ಪೊಳ್ದಾಯಿತು, ಇನ್ನು ಎಷ್ಟು ದಿನ? ತೀರ್ಥ ಬರಲಿ, ಕಣಿ ಪೂಜೆ ಮುಗಿಸಿಕೊಂಡು ಹೋಗು" ಅಂದಳು. ಕೈಲ್‌ಪೊಳ್ದ್ ಅಂದರೆ ಸೆಪ್ಟೆಂಬರ್ ಮೊದಲಲ್ಲಿ ಬರುವ ನಮ್ಮ ಆಯುಧ ಪೂಜೆಯ ಹಬ್ಬ. ನಾನೂ ಕಂಪನಿಯ ಹತ್ತಿರ ಮೂರು ವಾರ ಕೇಳಿಕೊಂಡೆ. ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಹೋದೆವು, ತೀರ್ಥೋದ್ಭವ ನೋಡಿದೆವು, ಮರುದಿನ ಮನೆಯಲ್ಲಿ ಕಾವೇರಮ್ಮನ ಕಣಿ ಪೂಜೆ. ಅಕ್ಟೋಬರ್ 19ಕ್ಕೆ ವಿಮಾನ ಹತ್ತಿದೆ.

ಹೋಗುವ ಮೊದಲು ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿ ಭಾರತೀಯರ (ಎನ್‌ಆರ್‌ಐ) ಖಾತೆ ವಿಚಾರಿಸಿದ್ದೆ. ಅಲ್ಲಿದ್ದವರು, "ಕೆಲಸಕ್ಕೆ ಅಂತ ದೇಶ ಬಿಟ್ಟ ದಿನದಿಂದಲೇ ನೀವು ಎನ್‌ಆರ್‌ಐ ಸಾರ್" ಅಂದರು. ಸರಿ, ಎನ್‌ಆರ್‌ಐ ಆದಮೇಲೆ ದುಬೈ ಸಂಬಳಕ್ಕೆ ಇಲ್ಲಿ ತೆರಿಗೆ ಎಲ್ಲಿಂದ ಬರುತ್ತದೆ? ಅಲ್ಲಂತೂ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. ನೆಮ್ಮದಿಯಾಗಿದ್ದೆ.

ಮುಂದಿನ ವರ್ಷ ರಿಟರ್ನ್ ಹಾಕುವಾಗ ವಿರಾಜಪೇಟೆಯ ಆಡಿಟರ್ ಪಾಸ್‌ಪೋರ್ಟ್ ಕೇಳಿದರು. ಸೀಲು ನೋಡಿದರು. ಕ್ಯಾಲ್ಕುಲೇಟರ್ ಕೂಡ ತೆಗೆಯಲಿಲ್ಲ. "ಏಪ್ರಿಲ್‌ನಿಂದ ಸೆಪ್ಟೆಂಬರ್ 183 ದಿನ, ಅಕ್ಟೋಬರ್ 19. ಒಟ್ಟು 202. ನೀವು ಈ ವರ್ಷ ಎನ್‌ಆರ್‌ಐ ಅಲ್ಲ" ಅಂದರು.

ಬ್ಯಾಂಕಿನವರು ಸುಳ್ಳು ಹೇಳಿರಲಿಲ್ಲ. ಬ್ಯಾಂಕ್ ನೋಡುವುದು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು. ಕೆಲಸಕ್ಕೆ ಅಂತ ಹೊರಟರೆ ಹೊರಟ ದಿನದಿಂದಲೇ ನೀವು ಅನಿವಾಸಿ. ಆದಾಯ ತೆರಿಗೆ ಕಾನೂನು ಬೇರೆ. ಅದು ನಿಮ್ಮ ಮನಸ್ಸಿನಲ್ಲೇನಿದೆ ಅಂತ ಕೇಳುವುದಿಲ್ಲ, ದಿನ ಎಣಿಸುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಭಾರತದಲ್ಲಿದ್ದರೆ ಆ ಇಡೀ ವರ್ಷಕ್ಕೆ ನೀವು ಇಲ್ಲಿನ ನಿವಾಸಿ. ನಿವಾಸಿ ಅಂದಮೇಲೆ ಲೋಕದಲ್ಲಿ ಎಲ್ಲಿ ದುಡಿದರೂ ಇಲ್ಲಿ ಲೆಕ್ಕ ಕೊಡಬೇಕು. ಏಪ್ರಿಲ್ 1ರಿಂದ ಎಣಿಸಿದರೆ 182ನೇ ದಿನ ಬೀಳುವುದು ಸೆಪ್ಟೆಂಬರ್ 29ಕ್ಕೆ. ಸೆಪ್ಟೆಂಬರ್ 28ಕ್ಕೆ ಹೊರಟಿದ್ದರೆ ಎನ್‌ಆರ್‌ಐ. ನಾನು 21 ದಿನ ತಡ. ಕೈಲ್‌ಪೊಳ್ದ್ ಗೆರೆಯ ಆ ಕಡೆ, ಕಾವೇರಿ ಸಂಕ್ರಮಣ ಈ ಕಡೆ.

ಒಂದೂವರೆ ತಿಂಗಳ ಸಂಬಳ ಹೋಯಿತು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದಿದ್ದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆಯಬಹುದಿತ್ತು. ದುಬೈಯಲ್ಲಿ ಕಟ್ಟಿದ್ದೇ ಸೊನ್ನೆ, ಕಳೆಯುವುದೇನನ್ನು? ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆಯಲ್ಲ ಅಂದೆ. ಇದೆ, ಆದರೆ ಅದರ ಪ್ರಕಾರ ಯುಎಇ ನಿವಾಸಿ ಅನ್ನಿಸಿಕೊಳ್ಳಲು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿರಬೇಕು. ಡಿಸೆಂಬರ್ ಮುಗಿಯುವಾಗ ನನ್ನದು ಎರಡೂವರೆ ತಿಂಗಳೂ ಆಗಿರಲಿಲ್ಲ. ಮೇಲಿಂದ ತೋಟದ ಪಾಲಿನ ಕಾಫಿ ಹಣ. ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಹದ ಮಾಡುವುದು) ಮಾಡದೆ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಉಳಿದ ಹಣಕ್ಕೆ ದರ ಹಾಕುವಾಗ ಅದನ್ನೂ ಸೇರಿಸಿ ನೋಡುತ್ತಾರೆ. ಹಾಗಾಗಿ ಸಂಬಳ ಮೇಲಿನ ಸ್ಲ್ಯಾಬಿಗೆ ಏರಿ ಕೂತಿತು.

ದುಬೈಯ ಬ್ಯಾಂಕ್ ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕಾಯಿತು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಿವಾಸಿಯಾದವನು ಹೊರಗಿನ ಖಾತೆ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಈಗ ಸ್ವಲ್ಪ ಸಡಿಲ ಮಾಡಿದ್ದಾರೆ. 2024ರ ಅಕ್ಟೋಬರ್‌ನಿಂದ ಜಾಗ, ಕಟ್ಟಡ ಬಿಟ್ಟು ಉಳಿದದ್ದು 20 ಲಕ್ಷದೊಳಗಿದ್ದರೆ ಆ ದಂಡ ಇಲ್ಲ. ಆದರೂ ಮುಚ್ಚಿಡುವ ಆಟ ಬೇಡ.

ಈಗ ನನ್ನ ತಕರಾರು ಹೇಳುತ್ತೇನೆ. ತೆರಿಗೆ ಕಟ್ಟಿದ್ದಕ್ಕೆ ಬೇಸರ ಇಲ್ಲ. ಇಲ್ಲಿದ್ದಷ್ಟು ದಿನ ದುಡಿದದ್ದಕ್ಕೆ ಕಟ್ಟಿದ್ದೆ, ಕಟ್ಟಬೇಕಾದ್ದೇ. ಆದರೆ ವಿಮಾನ ಹತ್ತಿದ ಮೇಲೆ ದುಡಿದದ್ದಕ್ಕೂ ಯಾಕೆ? ಇಂಗ್ಲೆಂಡಿನಲ್ಲಿ ಒಂದು ಪದ್ಧತಿ ಇದೆ. ಪೂರ್ತಿ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವನ ವರ್ಷವನ್ನು ಎರಡು ಭಾಗ ಮಾಡುತ್ತಾರೆ, ಹೊರಡುವ ಮೊದಲು ಮತ್ತು ಹೊರಟ ನಂತರ. 2013ರಿಂದ ಅದು ಅಲ್ಲಿನ ಕಾನೂನಿನಲ್ಲೇ ಇದೆ. ನಮ್ಮಲ್ಲಿ ಇಡೀ ವರ್ಷ ಒಂದೇ ತುಂಡು. 1961ರ ಕಾಯ್ದೆ ತೆಗೆದು 2025ರ ಹೊಸ ಕಾಯ್ದೆ ಬರೆದರು, 2026ರ ಏಪ್ರಿಲ್ 1ರಿಂದ ಜಾರಿ ಅಂದರು. 'ಅಸೆಸ್‌ಮೆಂಟ್ ವರ್ಷ' ಅನ್ನುವ ತಲೆನೋವಿನ ಮಾತು ತೆಗೆದು 'ಟ್ಯಾಕ್ಸ್ ವರ್ಷ' ಅಂತ ಮಾಡಿದರು, ಒಳ್ಳೆಯದೇ. ದಿನದ ಎಣಿಕೆ ಮಾತ್ರ ಹಾಗೇ ಉಳಿಯಿತು. ಅಷ್ಟು ದೊಡ್ಡ ಪುಸ್ತಕ ಹೊಸದಾಗಿ ಬರೆಯುವಾಗ ಇದೊಂದನ್ನು ಸೇರಿಸಲು ಏನಾಗಿತ್ತು? ವರ್ಷ ತುಂಡು ಮಾಡಿದರೆ ಜನ ಮೋಸ ಮಾಡುತ್ತಾರೆ ಅನ್ನುವವರಿದ್ದಾರೆ. ಹೋದ ತಾರೀಖು, ಬಂದ ತಾರೀಖು ಇಮಿಗ್ರೇಷನ್ ಕೌಂಟರ್‌ನಲ್ಲಿ ಸರ್ಕಾರವೇ ಬರೆದುಕೊಳ್ಳುತ್ತದೆ. ಇದರಲ್ಲಿ ಯಾವ ಮೋಸ ಮಾಡಲಿ?

ಬೈದದ್ದಾಯಿತು, ಹೊಗಳಬೇಕಾದ್ದನ್ನೂ ಹೇಳಬೇಕು. ಅಮೆರಿಕ ತನ್ನ ಪ್ರಜೆ ಎಲ್ಲೇ ಇದ್ದರೂ, ಎಷ್ಟು ವರ್ಷ ಹೊರಗಿದ್ದರೂ ರಿಟರ್ನ್ ಕೇಳುತ್ತದೆ. ನಮ್ಮದು ಹಾಗಲ್ಲ. ಪಾಸ್‌ಪೋರ್ಟ್ ಭಾರತದ್ದು ಅನ್ನುವ ಒಂದೇ ಕಾರಣಕ್ಕೆ ಹೊರಗಿನ ಸಂಬಳಕ್ಕೆ ಕೈ ಹಾಕುವುದಿಲ್ಲ. 2020ರಲ್ಲಿ 120 ದಿನದ ನಿಯಮ, ಅಂದರೆ ಊರಿಗೆ ಬಂದ ಎನ್‌ಆರ್‌ಐ 182ರ ಬದಲು 120 ದಿನ ನಿಂತರೂ ನಿವಾಸಿ ಅನ್ನುವ ನಿಯಮ ಬಂದಾಗ ಊರಲ್ಲಿ ದೊಡ್ಡ ಗಲಾಟೆ. ಏಪ್ರಿಲ್‌ನಲ್ಲಿ ಕೊಡವ ಹಾಕಿ ಹಬ್ಬಕ್ಕೆ ಬರುವವರು, ಸುಗ್ಗಿ ಹಬ್ಬ ಪುತ್ತರಿಗೆ ಬಂದು ರೋಬಸ್ಟಾ ಕೊಯ್ಲಿನವರೆಗೆ ನಿಲ್ಲುವವರು, ಎಲ್ಲರೂ ಹೆದರಿದರು. ನನ್ನ ಪ್ರಕಾರ ಅಷ್ಟು ಹೆದರಿಕೆ ಬೇಕಾಗಿಲ್ಲ. ಅದು ಬರುವುದು ಇಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ, ಅದೂ ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿದ್ದರೆ. ತೆರಿಗೆ ಇಲ್ಲದ ಕೃಷಿ ಆದಾಯ ಆ 15 ಲಕ್ಷಕ್ಕೆ ಸೇರುವುದಿಲ್ಲ. ಬೆಂಗಳೂರಿನ ಫ್ಲ್ಯಾಟ್ ಮಾರಿದ ಲಾಭ ಸೇರುತ್ತದೆ, ಆ ವರ್ಷ ಜೋಪಾನ. ಅದರಲ್ಲಿ ಸಿಕ್ಕಿಬಿದ್ದರೂ ನೀವು ಅರೆ ನಿವಾಸಿ ಅಷ್ಟೇ, ಹೊರಗೆ ಕೂತು ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ.

ಈಗ ನಾನು ಹೆದರುವುದು ಲ್ಯಾಪ್‌ಟಾಪಿಗೆ. ತೋಟದ ಮನೆಯ ಜಗಲಿಯಲ್ಲಿ ಕೂತು ಎರಡು ತಿಂಗಳು ದುಬೈ ಕಂಪನಿಗೆ ಕೆಲಸ ಮಾಡುವವರು ಈಗ ಜಾಸ್ತಿ. ಸಂಬಳ ದುಬೈ ಖಾತೆಗೇ ಬಂತಲ್ಲ ಅನ್ನುತ್ತಾರೆ. ಕಾನೂನು ಕೇಳುವುದು ಹಣ ಎಲ್ಲಿ ಬಿತ್ತು ಅಂತ ಮಾತ್ರ ಅಲ್ಲ, ಕೆಲಸ ಎಲ್ಲಿ ಕೂತು ಮಾಡಿದಿರಿ ಅಂತಲೂ. ಇಲ್ಲಿ ಕೂತು ಮಾಡಿದ ಕೆಲಸದ ಸಂಬಳ ಭಾರತದ ಆದಾಯ, ನೀವು ಎನ್‌ಆರ್‌ಐ ಆಗಿದ್ದರೂ. ಒಪ್ಪಂದದ ಕೆಳಗೆ ವಿನಾಯಿತಿ ಸಿಗಬಹುದು, ಆದರೆ ಅದಕ್ಕೆ ಅಲ್ಲಿನ ಸರ್ಕಾರ ಕೊಡುವ ತೆರಿಗೆ ನಿವಾಸಿ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಎಷ್ಟು ಜನ ತೆಗೆದುಕೊಂಡಿದ್ದೀರಿ? ನಾನು ಕೇಳಿದವರಲ್ಲಿ ಒಬ್ಬರೂ ಇಲ್ಲ.

ಇನ್ನೊಂದು, ತೆರಿಗೆ ಅಲ್ಲ, ಆದರೂ ಕೊಡಗಿನವರಿಗೆ ಹೇಳಲೇಬೇಕು. ಅದೇ ಫೆಮಾ ಪ್ರಕಾರ ಎನ್‌ಆರ್‌ಐ ಆದವನು ಕಾಫಿ ತೋಟ, ಗದ್ದೆ ಕೊಳ್ಳುವಂತಿಲ್ಲ. ದಾನಪತ್ರದಲ್ಲೂ ಪಡೆಯುವಂತಿಲ್ಲ. ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದರೆ ಮಾತ್ರ ತೊಂದರೆ ಇಲ್ಲ. ಪಕ್ಕದ ಎರಡು ಎಕರೆ ಕಣ್ಣಿಗೆ ಬಿದ್ದಿದ್ದರೆ ಹೊರಡುವ ಮೊದಲೇ ನೋಡಿಕೊಳ್ಳಿ.

ಇದನ್ನೆಲ್ಲ ಈಗ ಹೇಳಲು ಕಾರಣ ನನ್ನ ತಂಗಿಯ ಮಗ. ಅಬುಧಾಬಿಯಲ್ಲಿ ಕೆಲಸ, ಅಕ್ಟೋಬರ್ 20ಕ್ಕೆ ಸೇರಬೇಕು ಅಂತ ಪತ್ರ ಬಂತು. ತಂಗಿಗೆ ಖುಷಿ, ಸಂಕ್ರಮಣ ಮುಗಿಯುತ್ತದಲ್ಲ. ನಾನು ಅವನನ್ನು ಪಕ್ಕಕ್ಕೆ ಕರೆದು ಎಣಿಕೆ ಹೇಳಿದೆ. ಹುಡುಗ ಕಂಪನಿಗೆ ಬರೆದು ತಾರೀಖು ಹಿಂದೆ ಹಾಕಿಸಿಕೊಂಡ. ಮೊನ್ನೆ ಟಿಕೆಟ್ ಆಯಿತು, ಕಣ್ಣೂರಿನಿಂದ, ಸೆಪ್ಟೆಂಬರ್ 24. ತಂಗಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿದಳು. ಅವನ ಪಾಲಿನ ತೀರ್ಥ ತಲಕಾವೇರಿಯಿಂದ ನಾನೇ ತುಂಬಿಸಿಕೊಂಡು ಬರಬೇಕಂತೆ, ಬಸ್ಸಿನಲ್ಲಿ ಚೆಲ್ಲದ ಹಾಗೆ.