ಹಗ್ಗ ಮೊದಲು, ಕಾಲು ಆಮೇಲೆ

ಕೇಳುಗರಿಗೆಲ್ಲಾ ನಮಸ್ಕಾರ. ಕಾಫಿ ಹೂ ಅರಳಿಸೋ ಹೂಮಳೆ ಆಯ್ತು, ಅದರ ಹಿಂದೆ ಬರೋ ಬ್ಯಾಕಿಂಗ್ ಮಳೆನೂ ಆಯ್ತು, ಇನ್ನು ಜೂನ್ ಬಂದ್ರೆ ಮುಂಗಾರು ಶುರು. ಅದಕ್ಕೇ ಈಗ ನಮ್ಮ ಕೊಡಗಲ್ಲಿ ನಾಪೋಕ್ಲು, ಭಾಗಮಂಡಲ, ಶಾಂತಳ್ಳಿ, ಶ್ರೀಮಂಗಲ ಯಾವ ಕಡೆ ಹೋದ್ರೂ ಮನೆ ಮಾಡಿನ ಮೇಲೆ, ಅಂದ್ರೆ ಛಾವಣಿ ಮೇಲೆ, ಒಬ್ಬ ಮನುಷ್ಯ ಕಾಣ್ತಾನೆ. ಸಿಲ್ವರ್ ಓಕ್ ಮರದ ಎಲೆ ಗುಡಿಸ್ತಾ ಇರ್ತಾನೆ, ಪಾಚಿ ಕೆರೀತಾ ಇರ್ತಾನೆ, ಒಡೆದ ಹಂಚು ತೆಗೆದು ಹೊಸದು ಕೂರಿಸ್ತಾ ಇರ್ತಾನೆ. ಪೊರಕೆ ಇರತ್ತೆ, ಕತ್ತಿ ಇರತ್ತೆ, ಜೇಬಲ್ಲಿ ಮೊಬೈಲ್ ಇರತ್ತೆ, ಮೈಗೆ ಹಗ್ಗ ಒಂದು ಇರಲ್ಲ. ನಾನು ಇವತ್ತು ಮಾತಾಡೋದು ಆ ಹಗ್ಗದ ಬಗ್ಗೆನೇ.

ತೋಟದ ಕೆಲಸಗಾರರಿಗೆ ಎತ್ತರದಲ್ಲಿ ಹುಷಾರಾಗಿ ಕೆಲಸ ಮಾಡೋದನ್ನ ಹೇಳಿಕೊಡೋದು ನನ್ನ ಕಸುಬು. ಎಲ್ಲೇ ಹೋದ್ರೂ ನಾನು ಹೇಳೋದು ಒಂದೇ ಮಾತು, ಇಲ್ಲೂ ಅದನ್ನೇ ಹೇಳ್ತೀನಿ: ಹಗ್ಗ ಮೊದಲು, ಕಾಲು ಆಮೇಲೆ. ಮಾಡಿನ ಮೇಲೆ ಕಾಲಿಡೋಕೆ ಮುಂಚೆನೇ ಹಗ್ಗ ಮೈಗೆ ಬಂದಿರಬೇಕು, ಮೇಲೆ ಹೋಗಿ ನೋಡ್ಕೊಂಡು ಆಮೇಲೆ ಕಟ್ಕೊಳ್ತೀನಿ ಅಂದ್ರೆ ಆಗಲ್ಲ.

ಜನ ಏನಂತಾರೆ ಗೊತ್ತಾ, ಏನು ಸಾರ್, ಬರೀ ಹತ್ತಡಿ ಮಾಡು, ಬಿದ್ರೆ ಏನಾಗತ್ತೆ ಅಂತಾರೆ. 10 ಅಡಿಯಿಂದ ಜಾರಿದ್ರೆ ನೆಲಕ್ಕೆ ಬರೋಕೆ ಪೂರ್ತಿ ಒಂದು ಸೆಕೆಂಡೂ ಬೇಡ, ನೆಲಕ್ಕೆ ಬಡಿಯೋ ಹೊತ್ತಿಗೆ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್ ಆಗಿರತ್ತೆ. ಏನಾದ್ರೂ ಹಿಡ್ಕೊಳ್ಳೋಣ ಅನ್ನೋ ಯೋಚನೆ ಬರೋಷ್ಟರಲ್ಲಿ ನೀವು ಅಂಗಳದಲ್ಲಿ ಇರ್ತೀರಿ, ಅಂಗಳದಲ್ಲಿ ನಮ್ಮ ಕಡೆ ಏನಿರತ್ತೆ, ಸಿಮೆಂಟ್ ಕಣ ಇಲ್ಲಾ ಕಲ್ಲು ಚಪ್ಪಡಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯ್ತಾರೆ, ಅಪಘಾತದ ಸಾವುಗಳಲ್ಲಿ ರಸ್ತೆ ಬಿಟ್ರೆ ಮುಂದಿನ ಜಾಗ ಇದಕ್ಕೇ.

ಇನ್ನೊಂದು ಮಾತು ಬರತ್ತೆ. ಮೆಣಸು ಕುಯ್ಯೋಕೆ ಒಂಟಿ ಬಿದಿರಿನ ಏಣಿ ಹತ್ತೋನಿಗೆ ಮನೆ ಮಾಡು ಯಾವ ಲೆಕ್ಕ ಸಾರ್ ಅಂತ. ನೋಡಿ, ಮರದಲ್ಲಿ ತಬ್ಬಿಕೊಳ್ಳೋಕೆ ಕಾಂಡ ಇರತ್ತೆ, ಮಾಡಿನ ಮೇಲೆ ಹಿಡ್ಕೊಳ್ಳೋಕೆ ಏನಿದೆ? ಹಂಚು ಹಿಡಿದ್ರೆ ಹಂಚೇ ಕೈಗೆ ಬರತ್ತೆ.

ಈಗ ನಾನು ಕಣ್ಣಾರೆ ಕಂಡ ಒಂದು ವಿಷಯ ಹೇಳ್ತೀನಿ. ನಾಪೋಕ್ಲು ಕಡೆ ಒಂದು ಹಳೇ ಐನ್‌ಮನೆ, ಅಂದ್ರೆ ಕೊಡವ ಕುಟುಂಬದ ಮೂಲ ಮನೆ, ಮೇ ತಿಂಗಳು, ಮನೇಲಿ ಮದುವೆ ಇತ್ತು. ಮಾಡು ಕ್ಲೀನ್ ಮಾಡಿಸ್ಬೇಕು, ಒಂದು ಸಲ ಬಂದು ಹಗ್ಗ ಕಟ್ಟೋದು ಹೇಗೆ ಅಂತ ತೋರಿಸಿ ಅಂತ ಮನೆಯವರು ನನ್ನ ಕರೆದಿದ್ರು. ಕೆಲಸಕ್ಕೆ ಬಂದಿದ್ದ ಮನುಷ್ಯ ಆ ಊರಲ್ಲೇ ಹೆಸರು ಮಾಡಿದೋನು, ಅರ್ಧ ಊರಿನ ಹಂಚು ಅವನ ಕೈಲೇ ಕೂತಿರೋದು. ನಾನು ಹಾರ್ನೆಸ್ ತೆಗೆದು ತೋರಿಸಿದೆ, ತೊಡೆಗೆ ಎರಡು ಪಟ್ಟಿ, ಹೆಗಲಿಗೆ ಎರಡು ಪಟ್ಟಿ, ಹಗ್ಗ ಸಿಕ್ಕಿಸೋಕೆ ಕಬ್ಬಿಣದ ರಿಂಗ್. ಅವನು ಒಂದು ಸಲ ನೋಡಿದ, ಬೀಡಿ ಆರಿಸಿದ, ಇದೆಲ್ಲಾ ಹೊಸ ಹುಡುಗರಿಗೆ ಸಾರ್ ಅಂತ ಹೇಳಿ ಏಣಿ ಕಡೆ ಹೊರಟೇಬಿಟ್ಟ.

ಆಗ ಕೈಸಾಲೆ ಜಗಲಿಯಲ್ಲಿ ಕೂತಿದ್ದ ಆ ಮನೆ ಅಜ್ಜಿ ಎದ್ದು ಬಂದು ಏಣಿ ಬುಡದಲ್ಲಿ ನಿಂತ್ಕೊಂಡ್ರು. "ಅದನ್ನ ಹಾಕ್ಕೊಂಡು ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ಕಾಫಿ ಕುಡಿದು ಮನೆಗೆ ಹೋಗು, ಕೂಲಿ ಕೊಡ್ತೀನಿ" ಅಂದ್ರು. "ಅಮ್ಮಾ, ನಿಮ್ಮ ಯಜಮಾನರ ಕಾಲದಿಂದ ಹತ್ತುತಾ ಇದ್ದೀನಲ್ಲಾ" ಅಂದ ಅವನು. "ಆವಾಗ ನಿನಗೆ ವಯಸ್ಸಿತ್ತು" ಅಂದ್ರು ಅಜ್ಜಿ. ಅವರ ಮುಂದೆ ಮಾತಾಡೋಕಾಗುತ್ತಾ, ಹಾಕ್ಕೊಂಡ.

ಹಗ್ಗ ಹೇಗೆ ಕಟ್ಟಿದ್ವಿ ಅನ್ನೋದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಅವನು ಕೆಲಸ ಮಾಡ್ಬೇಕಾಗಿದ್ದು ಮುಂಭಾಗದ ಇಳಿಜಾರಲ್ಲಿ, ಹಾಗಾಗಿ ಹಗ್ಗದ ತುದಿ ಕಟ್ಟಿದ್ದು ಹಿಂಭಾಗದಲ್ಲಿ, ಹಿತ್ತಲಿನ ಹಲಸಿನ ಮರದ ಬುಡಕ್ಕೆ. ಒಂದು ತೆಳು ದಾರಕ್ಕೆ ಕಲ್ಲು ಕಟ್ಟಿ ಮಾಡಿನ ಮೇಲಿಂದ ಆಚೆಗೆ ಎಸೆದು, ಅದರಲ್ಲಿ ದಪ್ಪ ಹಗ್ಗ ಎಳ್ಕೊಂಡ್ವಿ. ಮಾಡಿನ ನೆತ್ತಿಯಲ್ಲಿ ಹಗ್ಗ ಹಂಚಿಗೆ ಉಜ್ಜಿ ಸವೀತದೆ, ಅದಕ್ಕೆ ಹಗ್ಗ ಎಳೆಯುವಾಗಲೇ ಅಷ್ಟು ಉದ್ದಕ್ಕೆ ಗೋಣಿಚೀಲ ಸುತ್ತಿದ್ವಿ. ಹಗ್ಗದ ಮೇಲೆ ರೋಪ್ ಗ್ರಾಬ್ ಅಂತ ಒಂದು ಚಿಕ್ಕ ಸಾಮಾನು, ಹತ್ತುವಾಗ ಜೊತೆಗೇ ಜಾರ್ಕೊಂಡು ಬರತ್ತೆ, ಜಗ್ಗಿದ ತಕ್ಷಣ ಲಾಕ್ ಆಗತ್ತೆ. ಇದೆಲ್ಲಾ ಆದಮೇಲೆ ಅವನು ಏಣಿ ಹತ್ತಿದ್ದು. ಹಗ್ಗ ಮೊದಲು, ಕಾಲು ಆಮೇಲೆ. ದಯವಿಟ್ಟು ಜೀಪಿಗೆ ಮಾತ್ರ ಹಗ್ಗ ಕಟ್ಟಬೇಡಿ, ಯಾರೋ ಬಂದು ಸ್ಟಾರ್ಟ್ ಮಾಡ್ಬಿಟ್ರೆ ಮುಗೀತು.

ಹನ್ನೊಂದು ಗಂಟೆ ಹೊತ್ತಿಗೆ ಅಡುಗೆಮನೆ ಮೇಲ್ಗಡೆ ಬಂದ. ಅಲ್ಲಿ ಬೆಳಕಿಗೆ ಅಂತ ಹಿಂದಿನ ಕಾಲದಲ್ಲೇ ಒಂದು ಗಾಜಿನ ಹಂಚು ಹಾಕಿದ್ರು. ಕೆಳಗಿಂದ ಸೌದೆ ಒಲೆ ಹೊಗೆ ಹಿಡಿದು ಕರಿಯಾಗಿದೆ, ಮೇಲಿಂದ ಪಾಚಿ ಕಟ್ಟಿದೆ, ಪಕ್ಕದ ಮಣ್ಣಿನ ಹಂಚಿಗೂ ಅದಕ್ಕೂ ಒಂದು ಚೂರೂ ವ್ಯತ್ಯಾಸ ಕಾಣಲ್ಲ. ಅದರ ಮೇಲೆ ಬಲಗಾಲು ಇಟ್ಟ, ಠಪ್ ಅಂತ ಒಡೀತು, ಕಾಲು ಒಳಗೆ ಹೋಗಿ ಹಾಗೇ ಹೊರಗೆ ಬಂತು, ಮನುಷ್ಯ ಪಕ್ಕಕ್ಕೆ ಉರುಳಿದ. ಉರುಳಿದ ಜಾಗದಲ್ಲಿ ಪಾಚಿ ಮೇಲೆ ಒಣಗಿದ ಹಾಗೆ ಕಾಣ್ತಿತ್ತು, ಒಳಗೆ ಬೆಳಗಿನ ಮಂಜಿನ ನೀರು ಕೂತು ಲೋಳೆ. ಜಾರೋಕೆ ಶುರು ಮಾಡಿದ ತಕ್ಷಣ ಗ್ರಾಬ್ ಲಾಕ್ ಆಯ್ತು, ಎರಡಡಿ ಕೂಡ ಹೋಗಲಿಲ್ಲ. ಮಾಡಿನ ಅಂಚಿಂದ ಒಂದು ಮೊಳ ಮೇಲೆ ಮಲಗಿದ ಹಾಗೆ ನಿಂತುಬಿಟ್ಟ. ಎರಡು ಹಂಚು ಮಾತ್ರ ಜಾರಿ ಬಂದು ಅಜ್ಜಿಯ ಆಂಥೂರಿಯಂ ಕುಂಡದ ಮೇಲೆ ಬಿದ್ದು ಪುಡಿಪುಡಿ ಆದ್ವು. ಅದೇ ಜಾಗಕ್ಕೆ ಅವನೂ ಬರ್ತಿದ್ದ.

ಮೀನಖಂಡದಲ್ಲಿ ಗಾಜು ಕುಯ್ದಿತ್ತು, ಅಷ್ಟೇ. ಉಸಿರು ಸುಧಾರಿಸಿಕೊಂಡು, ಹಗ್ಗ ಹಿಡ್ಕೊಂಡೇ ಅಡ್ಡಡ್ಡ ಸರಿದು ಏಣಿಗೆ ಬಂದ. ಈಗ ಆ ಕಡೆ ಅವನ ಹತ್ರ ಸ್ವಂತ ಹಾರ್ನೆಸ್ ಇದೆ, ಹುಡುಗರಿಗೆ ಅವನೇ ಹಾಕಿಸ್ತಾನೆ. ಆ ಮನುಷ್ಯನಿಗಿಂತ ಚೆನ್ನಾಗಿ ಮಾಡು ಗೊತ್ತಿರೋರು ಇಡೀ ಊರಲ್ಲಿ ಯಾರೂ ಇರಲಿಲ್ಲ. ಅನುಭವಕ್ಕೆ ಆ ಗಾಜಿನ ಹಂಚು ಕಾಣಿಸಲಿಲ್ಲ, ಹಗ್ಗಕ್ಕೆ ಕಾಣಿಸೋ ಅಗತ್ಯನೇ ಇಲ್ಲ, ಅದು ಹಿಡಿಯತ್ತೆ.

ಟೈಮ್ ಕಮ್ಮಿ ಇದೆ, ಉಳಿದಿದ್ದು ಬೇಗ ಹೇಳ್ತೀನಿ. ಸೊಂಟಕ್ಕೆ ಮಾತ್ರ ಹಗ್ಗ ಕಟ್ಕೋಬೇಡಿ, ಬಿದ್ದಾಗ ಪೂರ್ತಿ ಜಗ್ಗು ಹೊಟ್ಟೆ, ಪಕ್ಕೆಲುಬಿನ ಮೇಲೆ ಬೀಳತ್ತೆ. ಫುಲ್ ಬಾಡಿ ಹಾರ್ನೆಸ್ ಅಂತಲೇ ಕೇಳಿ, ಐಎಸ್‌ಐ ಮಾರ್ಕ್, ಐಎಸ್ 3521 ಅಂತ ನಂಬರ್ ಇದೆಯಾ ನೋಡಿ ತಗೊಳ್ಳಿ. ಒಂದೆರಡು ಸಾವಿರದಲ್ಲೇ ಸಿಗತ್ತೆ ಸ್ವಾಮಿ, ತೋಟದ ಮಾಲೀಕರು, ತೋಟದ ಲೆಕ್ಕ ನೋಡ್ಕೊಳ್ಳೋ ರೈಟರ್‌ಗಳು ಯಾರಾದ್ರೂ ಕೇಳ್ತಾ ಇದ್ರೆ ಅವರಿಗೇ ಹೇಳ್ತಿರೋದು, ಕೆಲಸಗಾರರ ಲೈನ್ ಮನೆ ಶೀಟ್ ತೊಳೆಯೋಕೆ ಹುಡುಗನ್ನ ಹತ್ತಿಸ್ತೀರಲ್ಲಾ, ಮೊದಲು ಇದನ್ನ ಕೊಡಿಸಿ. ಬಟ್ಟೆ ಒಣಹಾಕೋ ನೈಲಾನ್ ದಾರ, ಬಾವಿ ಹತ್ರ ಬಿಸಿಲಲ್ಲಿ ಬಿದ್ದಿದ್ದ ಹಳೇ ಹಗ್ಗ ಇವೆಲ್ಲಾ ಬೇಡವೇ ಬೇಡ.

ಸಿಮೆಂಟ್ ಶೀಟ್ ಮೇಲೆ ನೇರವಾಗಿ ಕಾಲಿಡಬೇಡಿ, ಹಳೇದಾದ್ರೆ ಹೇಳದೆ ಕೇಳದೆ ಒಡೆಯತ್ತೆ. ಕೆಳಗಿರೋ ಅಡ್ಡ ಪಟ್ಟಿಗಳ ಮೇಲೆ ಬರೋ ಹಾಗೆ ಅಗಲದ ಹಲಗೆ ಹಾಕಿ, ಹಲಗೆ ಹಾಕಿದ್ರೂ ಹಗ್ಗ ಬೇಕು. ಏಣಿ ಇಡುವಾಗ 12 ಅಡಿ ಎತ್ತರಕ್ಕೆ ಬುಡ 3 ಅಡಿ ಹೊರಗೆ ಇರಲಿ, ಏಣಿ ತುದಿ ಮಾಡಿನ ಅಂಚಿಗಿಂತ 3 ಅಡಿ ಮೇಲೆ ಬರಲಿ. ಅಲ್ಯೂಮಿನಿಯಂ ಏಣಿ ಕರೆಂಟ್ ವೈರ್ ಹತ್ರ ತರಲೇಬೇಡಿ, ಮೆಣಸು ಕುಯ್ಯುವಾಗ ವೈರಿಗೆ ತಾಗಿ ನಮ್ಮ ಜಿಲ್ಲೆಯಲ್ಲೇ ಎಷ್ಟು ಜೀವ ಹೋಗಿದೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಮಳೆ ಬಂದ ದಿನ, ಗಾಳಿ ಇರೋ ದಿನ ಹತ್ತೋದು ಬೇಡ. ಬರೀ ಮಾಡಿನ ಅಂಚಿನ ನೀರಿನ ದೋಣಿಯಲ್ಲಿ ಎಲೆ ಕಟ್ಟಿದೆ ಅಂದ್ರೆ ಮೇಲೆ ಹತ್ತೋದೇ ಬೇಡ, ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ನೆಲದಲ್ಲಿ ನಿಂತೇ ಎಳೀಬಹುದು, ಅಲ್ಲೂ ವೈರ್ ನೋಡ್ಕೊಳ್ಳಿ.

ಕೆಳಗೆ ಒಬ್ಬರು ಇರಲೇಬೇಕು. ಹಾರ್ನೆಸ್‌ನಲ್ಲಿ ಎಚ್ಚರ ತಪ್ಪಿ ನೇತಾಡ್ತಿರೋನನ್ನ ಹಾಗೇ ಬಿಟ್ರೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯ, ಬೇಗ ಇಳಿಸ್ಬೇಕು. ಯಾರಾದ್ರೂ ನೆಲಕ್ಕೇ ಬಿದ್ರೆ ನಾಲ್ಕು ಜನ ಸೇರಿ ಕೈಕಾಲು ಹಿಡಿದು ಎತ್ತಿ ಜೀಪಿಗೆ ತುಂಬಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿದ್ರೆ ಅದರಿಂದಲೇ ಕಾಲು ಹೋಗಬಹುದು. ತಲೆ, ಕತ್ತು ಅಲುಗಾಡದ ಹಾಗೆ ಹಿಡ್ಕೊಂಡು 108ಕ್ಕೆ ಫೋನ್ ಮಾಡಿ. ತೋಟದ ಒಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ, ಎಲ್ಲಿ ಸಿಗತ್ತೆ ಅಂತ ಕೆಲಸ ಶುರು ಮಾಡೋ ಮುಂಚೆನೇ ನೋಡಿಟ್ಕೊಳ್ಳಿ.

ಸೋಲಾರ್ ಪ್ಯಾನೆಲ್ ತೊಳೆಯೋದರ ಬಗ್ಗೆನೂ ಹೇಳ್ಬೇಕು ಅಂತಿದ್ದೆ, ಟೈಮ್ ಮುಗೀತು. ಅದಕ್ಕೂ ಹಗ್ಗ ಕಟ್ಕೊಂಡೇ ಹತ್ತಿ. ನಮಸ್ಕಾರ.