ಮೂರನೇ ಬೆಲ್‌ಗೆ ಮುನ್ನ: ಪ್ರಯಾಣಕ್ಕೆ ಹೆದರುವವರು ಹದಿಹರೆಯದ ಮಗಳೊಂದಿಗೆ ನಾಟಕ ನೋಡಲು ಬೆಂಗಳೂರಿಗೆ ಹೋಗುವುದು ಹೇಗೆ?

[ಪರದೆಯ ಮೇಲೆ: ಸಂಜೆಯ ಬೆಳಕಿನಲ್ಲಿ ರಂಗಶಂಕರದ ಮುಂಭಾಗ. ಬಾಗಿಲ ಬಳಿ ಜನ ಸಾಲುಗಟ್ಟುತ್ತಿದ್ದಾರೆ.]

ನಮಸ್ಕಾರ. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರದಲ್ಲಿ ಸಂಜೆಯ ನಾಟಕ ಏಳೂವರೆಗೆ ಎಂದರೆ ಏಳೂವರೆಗೇ ಶುರುವಾಗುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತದೆ. ಕೈಯಲ್ಲಿ ಟಿಕೆಟ್ ಇದ್ದರೂ, ನೂರಾರು ಕಿಲೋಮೀಟರ್ ದೂರದಿಂದ ಬಂದಿದ್ದರೂ, ತಡವಾದವರಿಗೆ ಪ್ರವೇಶವಿಲ್ಲ. ಊರು ಬಿಡುವ ಮುನ್ನವೇ ಎದೆ ಢವಢವ ಎನ್ನುವವರಿಗೆ ಈ ನಿಯಮ ಕೇಳಿದ ಕೂಡಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ನಾನೂ ಅಂಥವಳೇ. ರೈಲು ತಪ್ಪಿದರೆ, ಮಳೆ ಬಂದರೆ, ಮಗಳಿಗೆ ಜ್ವರ ಬಂದರೆ ಎಂದು ರಾತ್ರಿಯಿಡೀ ಲೆಕ್ಕ ಹಾಕುವವಳು.

ಆದರೂ ನಮ್ಮಂಥವರ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ಸಿಗದು ಎಂದೇ ನಾನು ಹೇಳುತ್ತೇನೆ. ಯಾಕೆಂದರೆ ಅದು ನಮಗೆ ಅಲುಗಾಡದ ಒಂದು ಗಳಿಗೆಯನ್ನು ಕೊಡುತ್ತದೆ. ಆ ಗಳಿಗೆಯಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಇಡೀ ಪ್ರವಾಸ ತಾನಾಗಿ ರೂಪ ಪಡೆಯುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ, ಹದಿನಾಲ್ಕು ಹದಿನೈದು ವರ್ಷದ ಮಗಳೊಬ್ಬಳೊಂದಿಗೆ, ಒಂದು ರಾತ್ರಿ ಉಳಿದು ಬರುವ ನಾಟಕದ ಪ್ರವಾಸವನ್ನು ಹಾಗೆ ಹಿಂದಿನಿಂದ ಮುಂದಕ್ಕೆ ಕಟ್ಟಿ ತೋರಿಸುತ್ತೇನೆ. ನಿಮ್ಮ ಊರು ಅರಸೀಕೆರೆಯೋ ದಾವಣಗೆರೆಯೋ ಆಗಿದ್ದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

[ಪರದೆಯ ಮೇಲೆ: ಗಡಿಯಾರ ಏಳೂವರೆ ತೋರಿಸುತ್ತದೆ. ಮುಳ್ಳು ಹಿಂದಕ್ಕೆ ತಿರುಗತೊಡಗುತ್ತದೆ.]

ಶನಿವಾರದ ನಾಟಕ ಎಂದಿಟ್ಟುಕೊಳ್ಳಿ. ರಂಗಶಂಕರದಲ್ಲಿ ಆಸನಗಳಿಗೆ ಸಂಖ್ಯೆ ಇರುವುದಿಲ್ಲ; ಮೊದಲು ಬಂದವರು ಬೇಕಾದಲ್ಲಿ ಕೂರಬಹುದು. ಆತಂಕ ಇರುವವರಿಗೆ ಇದು ಅನುಕೂಲ. ಬೇಗ ಹೋದರೆ ಸಾಲಿನ ಕೊನೆಯ, ನಡೆದಾಡುವ ದಾರಿಯ ಪಕ್ಕದ ಆಸನ ಸಿಗುತ್ತದೆ. ಉಸಿರು ಕಟ್ಟಿದಂತಾದರೆ ಯಾರ ಮೊಣಕಾಲನ್ನೂ ದಾಟದೆ ಎದ್ದು ಹೋಗಬಹುದು ಎಂದು ಗೊತ್ತಿದ್ದರೆ, ಏಳಬೇಕಾದ ಪ್ರಸಂಗವೇ ಬಹುಮಟ್ಟಿಗೆ ಬರುವುದಿಲ್ಲ. ಹೊರಗೆ ಬಂದರೆ ಮತ್ತೆ ಒಳಗೆ ಬಿಡದಿರಬಹುದು ಎಂಬುದನ್ನೂ ಮಗಳಿಗೆ ಮೊದಲೇ ಹೇಳಿಡಿ: "ನಾನು ಎದ್ದು ಹೋದರೆ ನೀನು ಗಾಬರಿಯಾಗಬೇಡ. ನಾಟಕ ಪೂರ್ತಿ ನೋಡು. ನಾನು ಹೊರಗೆ ಕೆಫೆಯ ಹತ್ತಿರ ಕೂತಿರುತ್ತೇನೆ."

ಹಾಗಾದರೆ ರಂಗಮಂದಿರದ ಆವರಣದಲ್ಲಿ ಆರೂವರೆಗೆ ಇರಬೇಕು. ಅಲ್ಲಿ ಕೆಫೆ ಇದೆ, ಪುಸ್ತಕದ ಅಂಗಡಿ ಇದೆ. ಕಾಯುವುದು ಕಷ್ಟವಲ್ಲ. ಉಳಿದುಕೊಳ್ಳುವ ಕೋಣೆ ಜಯನಗರದಲ್ಲಿದ್ದರೆ ಐದೂಮುಕ್ಕಾಲಿಗೆ ಹೊರಡಿ. ದೂರ ಕಡಿಮೆಯೇ, ಆದರೆ ಶನಿವಾರ ಸಂಜೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಕಡಿಮೆ ದೂರಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಮಾತು ಕೊಡಲಾರರು.

ಇನ್ನೂ ಹಿಂದಕ್ಕೆ ಬನ್ನಿ. ಮಧ್ಯಾಹ್ನ ಖಾಲಿ ಇರಲಿ. ಈ ಪ್ರವಾಸದಲ್ಲಿ ನಾನು ಬಹಳ ಹಟದಿಂದ ಕಾಯುವುದು ಈ ಖಾಲಿ ಮಧ್ಯಾಹ್ನವನ್ನು. ನೆಂಟರು ಫೋನ್ ಮಾಡಿ "ಅಷ್ಟು ದೂರ ಬಂದಿದ್ದೀರಿ, ಮನೆಗೆ ಬಾರದೆ ಹೋಗುತ್ತೀರಾ?" ಎನ್ನುತ್ತಾರೆ. ಮಗಳಿಗೂ ಮಾಲ್ ನೋಡಬೇಕು. ಎರಡನ್ನೂ ಪ್ರೀತಿಯಿಂದಲೇ ಬದಿಗಿಡಿ. ರೈಲು ಎರಡು ತಾಸು ತಡವಾದರೂ ಆ ಎರಡು ತಾಸನ್ನು ನುಂಗಿಕೊಳ್ಳುವ ಜಾಗ ಇದೊಂದೇ. ರೈಲು ಸಮಯಕ್ಕೆ ಬಂದರೆ ಊಟ ಮಾಡಿ ಮಲಗಿ. ನಾಟಕ ನೋಡಲು ದಣಿಯದ ಮೈ ಬೇಕು.

[ಪರದೆಯ ಮೇಲೆ: ನಮ್ಮ ಮೆಟ್ರೊದ ನಕ್ಷೆ. ಹಸಿರು ಗೆರೆ ಮಾತ್ರ ಬೆಳಗುತ್ತದೆ.]

ಈಗ ದಾರಿ. ಬೆಂಗಳೂರು ಎಂದ ಕೂಡಲೇ ನಮ್ಮಂಥವರ ಕಣ್ಣಿಗೆ ಕಟ್ಟುವುದು ಮೆಜೆಸ್ಟಿಕ್‌ನ ಜನಜಂಗುಳಿ. ಅದನ್ನು ಪೂರ್ತಿ ತಪ್ಪಿಸಬಹುದು. ಶಿವಮೊಗ್ಗ ಕಡೆಯ ರೈಲುಗಳು ತುಮಕೂರಿನ ಮೇಲೆ ಬರುತ್ತವೆ, ಅವುಗಳಲ್ಲಿ ಹಲವು ಯಶವಂತಪುರದಲ್ಲಿ ನಿಲ್ಲುತ್ತವೆ. ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನದೊಳಗೆ ಅಲ್ಲಿರುತ್ತೀರಿ. ಯಶವಂತಪುರದಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗದ ನಿಲ್ದಾಣವಿದೆ. ಅಲ್ಲಿ ಹತ್ತಿದರೆ ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿ, ಜೆ.ಪಿ. ನಗರ ಎಲ್ಲವೂ ಒಂದೇ ಗೆರೆಯ ಮೇಲೆ ಬರುತ್ತವೆ. ಎಲ್ಲೂ ಗಾಡಿ ಬದಲಾಯಿಸಬೇಕಿಲ್ಲ. ಮೆಜೆಸ್ಟಿಕ್ ಬಂದಾಗ ಕೂತಲ್ಲೇ ಕೂತಿರಿ, ಜನ ಹತ್ತಿ ಇಳಿಯುತ್ತಾರೆ, ಗಾಡಿ ಮುಂದಕ್ಕೆ ಹೋಗುತ್ತದೆ.

ಆದ್ದರಿಂದ ಕೋಣೆಯನ್ನು ಆರಿಸುವಾಗ ಬೆಲೆಗಿಂತ ಮೊದಲು ಒಂದನ್ನು ನೋಡಿ: ಹಸಿರು ಮಾರ್ಗದ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದೆಯೇ? ಜಯನಗರ ಅಥವಾ ಬಸವನಗುಡಿ ಒಳ್ಳೆಯದು. ಹೋಟೆಲ್‌ಗೆ ಒಮ್ಮೆ ಫೋನ್ ಮಾಡಿ, ರಾತ್ರಿ ಹತ್ತೂವರೆಗೆ ಮರಳಿದರೆ ಗೇಟು ತೆರೆದಿರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಮಗಳ ಆಧಾರ್ ಕಾರ್ಡನ್ನೂ ಒಯ್ಯಿರಿ.

ಮೆಟ್ರೊದಲ್ಲಿ ಇಬ್ಬರಿಗೂ ಬೇರೆ ಬೇರೆ ಸ್ಮಾರ್ಟ್ ಕಾರ್ಡ್ ಇರಲಿ. ಇನ್ನೊಂದು ಒಪ್ಪಂದವನ್ನು ಮನೆಯಲ್ಲೇ ಮಾಡಿಕೊಳ್ಳಿ. ಒಬ್ಬರು ಗಾಡಿ ಹತ್ತಿ, ಇನ್ನೊಬ್ಬರು ಹತ್ತುವ ಮೊದಲೇ ಬಾಗಿಲು ಮುಚ್ಚಿದರೆ, ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಹೊರಗೆ ಉಳಿದವರು ಮುಂದಿನ ಗಾಡಿಯಲ್ಲಿ ಬರಬೇಕು. ಯಾರೂ ಹಿಂದಕ್ಕೆ ಹೋಗಬಾರದು. ನನ್ನ ತಲೆಯಲ್ಲಿ ಬಹಳ ಕಾಲ ಸುತ್ತುತ್ತಿದ್ದ ಒಂದು ಭಯಾನಕ ಚಿತ್ರ ಈ ಮೂರು ವಾಕ್ಯಗಳಿಂದ ಹೊರಟುಹೋಯಿತು. ಮೊಬೈಲ್ ಚಾರ್ಜ್ ಇಲ್ಲದಿದ್ದರೂ ಈ ಒಪ್ಪಂದ ಕೆಲಸ ಮಾಡುತ್ತದೆ.

[ಪರದೆಯ ಮೇಲೆ: ಮೇಜಿನ ಮೇಲೆ ನೋಟ್‌ಬುಕ್. ತಾಯಿ, ಮಗಳು ಎದುರುಬದುರು.]

ಮಗಳ ವಿಷಯಕ್ಕೆ ಬರೋಣ. ಪ್ರವಾಸದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ.

ಆತಂಕದ ಅಪ್ಪ ಅಮ್ಮಂದಿರು ಅದನ್ನು ಮಕ್ಕಳಿಂದ ಬಚ್ಚಿಡಲು ನೋಡುತ್ತೇವೆ. ಬಚ್ಚಿಡಲು ಆಗುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಟಿಕೆಟ್ ಇದೆಯೇ ಎಂದು ಮೂರು ಸಲ ಚೀಲ ತೆರೆದು ನೋಡುವುದು, "ಹುಷಾರು, ಹುಷಾರು" ಎಂದು ಕೈ ಎಳೆಯುವುದು, ಸಣ್ಣ ಮಾತಿಗೆ ಸಿಡುಕುವುದು, ಇವೆಲ್ಲ ಮಗಳಿಗೆ ಕಾಣುತ್ತವೆ. ಕಾರಣ ಗೊತ್ತಿಲ್ಲದಿದ್ದರೆ ಅಮ್ಮನಿಗೆ ತನ್ನ ಮೇಲೆ ಕೋಪ ಎಂದುಕೊಳ್ಳುತ್ತಾಳೆ, ಇಲ್ಲವೇ ಹೊರಗಿನ ಲೋಕವೇ ಅಪಾಯ ಎಂದು ಕಲಿಯುತ್ತಾಳೆ. ಎರಡನೆಯದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಹಾಗಾಗಿ ಮೊದಲೇ ನೇರವಾಗಿ ಹೇಳಿಬಿಡಿ: "ಪ್ರಯಾಣದಲ್ಲಿ ನನಗೆ ಗಾಬರಿಯಾಗುತ್ತದೆ. ಆಗ ನಾನು ಸುಮ್ಮನಾಗುತ್ತೇನೆ, ನಿಧಾನವಾಗಿ ಉಸಿರು ಬಿಡುತ್ತೇನೆ. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ನೀನು ಏನೂ ಮಾಡಬೇಕಿಲ್ಲ." ಕೊನೆಯ ವಾಕ್ಯವನ್ನು ಬಿಡಬೇಡಿ. ನಮ್ಮನ್ನು ಸಮಾಧಾನಪಡಿಸುವ ಹೊಣೆ ಅವಳದಾಗಬಾರದು.

ಬೇರೆ ಹೊಣೆಯನ್ನು ಕೊಡಿ, ಅದೂ ನಿಜವಾದದ್ದನ್ನು. ಯಶವಂತಪುರದಲ್ಲಿ ಇಳಿದಲ್ಲಿಂದ ಕೋಣೆಯ ಬಾಗಿಲಿನವರೆಗೆ ದಾರಿ ಅವಳದು. ನಕ್ಷೆ ಓದುವುದು, ಯಾವ ಕಡೆಯ ಪ್ಲಾಟ್‌ಫಾರ್ಮ್ ಎಂದು ನೋಡುವುದು, ಯಾವ ಗೇಟಿನಿಂದ ಹೊರಬರಬೇಕು ಎಂದು ತೀರ್ಮಾನಿಸುವುದು ಎಲ್ಲವೂ. ಅವಳು ತಪ್ಪು ದಿಕ್ಕಿನ ಪ್ಲಾಟ್‌ಫಾರ್ಮಿಗೆ ನಡೆದರೂ ನೀವು ಬಾಯಿ ಬಿಡಬಾರದು. ಒಂದು ನಿಲ್ದಾಣ ಹಿಂದಕ್ಕೆ ಹೋಗಿ ಮರಳಿದರೆ ಕಳೆಯುವುದು ಹತ್ತು ಹದಿನೈದು ನಿಮಿಷ, ಅದಕ್ಕೆಂದೇ ಖಾಲಿ ಮಧ್ಯಾಹ್ನ ಇದೆಯಲ್ಲ. ಹೀಗೆ ಸುಮ್ಮನಿರುವುದು ಸುಲಭವಲ್ಲ, ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಬೇಕಾಗುತ್ತದೆ. ಆದರೆ ದಾರಿ ಕಂಡುಹಿಡಿದವಳ ನಡಿಗೆ ಸಂಜೆಯ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಅವಳ ಹಿಂದೆ ನಡೆಯುತ್ತಾ ನಮ್ಮ ಗಾಬರಿಯೂ ಇಳಿಯುತ್ತದೆ.

ನಾಟಕವನ್ನೂ ಇಬ್ಬರೂ ಸೇರಿ ಆರಿಸಿ. ರಂಗಶಂಕರದಲ್ಲಿ ಸೋಮವಾರ ಬಿಟ್ಟರೆ ಬಹುಪಾಲು ದಿನ ಪ್ರದರ್ಶನ ಇರುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ, ಕೆಲವೊಮ್ಮೆ ಬೇರೆ ಭಾಷೆಗಳೂ ಬರುತ್ತವೆ. ನೋಡಬೇಕಾದದ್ದು ಮೂರು: ಭಾಷೆ, ಅವಧಿ, ವಯಸ್ಸಿನ ಸೂಚನೆ. ಮೊದಲ ಸಲಕ್ಕೆ ಎರಡು ತಾಸಿನೊಳಗಿನ, ಹಾಡು ಕುಣಿತ ಇರುವ ಕನ್ನಡ ನಾಟಕ ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಆದರೆ ಮಗಳು ಗಂಭೀರವಾದದ್ದನ್ನು ಆರಿಸಿದರೆ ಅಡ್ಡಬರಬೇಡಿ. ರಾತ್ರಿಯ ಪ್ರಯಾಣವೇ ನಿಮ್ಮ ದೊಡ್ಡ ಭಯವಾಗಿದ್ದರೆ, ಭಾನುವಾರ ಮಧ್ಯಾಹ್ನ ಮೂರೂವರೆಗೂ ಪ್ರದರ್ಶನ ಇರುವುದುಂಟು. ಅದನ್ನು ನೋಡಿಕೊಂಡು ಬೆಳಕಿರುವಾಗಲೇ ಹೊರಬರಬಹುದು.

[ಪರದೆಯ ಮೇಲೆ: ಹಿಂಬದಿಯಲ್ಲಿ ಶಂಕರನಾಗ್ ಚಿತ್ರವಿರುವ ಆಟೊ.]

ಕೋಣೆಯಿಂದ ರಂಗಮಂದಿರಕ್ಕೆ ಆಟೊದಲ್ಲಿ ಹೋಗುವಾಗ ಮಗಳಿಗೆ ಹೇಳಲು ಒಂದು ಕಥೆ ಇದೆ. ಆಟೊಗಳ ಹಿಂದೆ, ಆಟೊ ನಿಲ್ದಾಣಗಳ ಫಲಕಗಳಲ್ಲಿ ಶಂಕರನಾಗ್ ಮುಖವನ್ನು ಅವಳು ಎಷ್ಟೋ ಸಲ ನೋಡಿರುತ್ತಾಳೆ. ಅವರು ಸಿನಿಮಾಕ್ಕೆ ಮೊದಲು ರಂಗಭೂಮಿಯವರು. 1990ರಲ್ಲಿ ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ವರ್ಷ. ನಾಟಕಕ್ಕೆಂದೇ ಒಂದು ಒಳ್ಳೆಯ ರಂಗಮಂದಿರ ಬೇಕೆಂಬ ಕನಸನ್ನು ಅವರ ಪತ್ನಿ ಅರುಂಧತಿ ನಾಗ್ ಕೈಬಿಡಲಿಲ್ಲ. ವರ್ಷಗಟ್ಟಲೆ ಹಣ ಕೂಡಿಸಿ, ಗೆಳೆಯರನ್ನು ಜೊತೆಗೂಡಿಸಿ 2004ರಲ್ಲಿ ರಂಗಶಂಕರದ ಬಾಗಿಲು ತೆರೆದರು. ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುವುದು ಯಾಕೆ ಎಂದು ಮಗಳು ಕೇಳಿದರೆ ಉತ್ತರವೂ ಇದರಲ್ಲೇ ಇದೆ. ರಂಗದ ಮೇಲಿರುವ ನಟರು ಮತ್ತು ಸಮಯಕ್ಕೆ ಬಂದು ಕೂತ ಪ್ರೇಕ್ಷಕರು, ಇಬ್ಬರನ್ನೂ ಗೌರವಿಸುವ ಕ್ರಮ ಅದು. ಅಲ್ಲಿ ಕೂತಾಗ ನಟರ ಉಸಿರು ಕೇಳುವಷ್ಟು ಹತ್ತಿರವಿರುತ್ತೀರಿ. ತಡವಾಗಿ ಬಂದ ಒಬ್ಬರ ಟಾರ್ಚ್ ಬೆಳಕು ಸಾಕು, ಕಟ್ಟಿದ ಲೋಕ ಒಡೆಯಲು.

ಒಳಗೆ ಮೊಬೈಲ್ ಆಫ್ ಮಾಡಬೇಕು. ಇದು ನಮಗೂ ಕಷ್ಟದ ಮಾತು, ಮನೆಯಿಂದ ಫೋನ್ ಬಂದರೆ ಎಂದು ಕೈ ತುರಿಸುತ್ತದೆ. ಮನೆಯವರಿಗೆ "ಏಳೂವರೆಯಿಂದ ಹತ್ತರವರೆಗೆ ಫೋನ್ ಇರುವುದಿಲ್ಲ, ತುರ್ತಾದರೆ ಹೋಟೆಲ್‌ಗೆ ತಿಳಿಸಿ" ಎಂದು ಸಂಖ್ಯೆ ಕೊಟ್ಟು ಬನ್ನಿ. ಆಮೇಲೆ ಆಫ್ ಮಾಡುವುದು ಅಷ್ಟು ಕಷ್ಟವಾಗದು. ಮೂರನೇ ಬೆಲ್ ಆಗುತ್ತದೆ, ದೀಪ ಆರುತ್ತದೆ, ಕೆಲವು ಕ್ಷಣ ಪೂರ್ತಿ ಕತ್ತಲೆ. ಕತ್ತಲೆಯಲ್ಲಿ ಎದೆ ಹೊಡೆದುಕೊಂಡರೆ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ರಂಗದ ಮೇಲೆ ಮೊದಲ ಬೆಳಕು ಬೀಳುವವರೆಗೆ ಹಾಗೆ ಮಾಡಿದರೆ ಸಾಕಾಗುತ್ತದೆ.

ನಾಟಕ ಮುಗಿದ ಮೇಲೆ ದಯವಿಟ್ಟು ಮಗಳನ್ನು "ಏನು ಅರ್ಥವಾಯಿತು?" ಎಂದು ಕೇಳಬೇಡಿ. ಅವಳು ಮೌನವಾಗಿದ್ದರೆ ಮೌನವಾಗಿರಲಿ. ನಟರು ಹೊರಗೆ ಬಂದು ಗೆಳೆಯರೊಂದಿಗೆ ಮಾತನಾಡುತ್ತಾ ನಿಲ್ಲುವುದುಂಟು. ಅವಳಿಗೆ ಅವರನ್ನು ಮಾತನಾಡಿಸಬೇಕೆನಿಸಿದರೆ ನೀವು ನಾಲ್ಕು ಹೆಜ್ಜೆ ದೂರ ನಿಂತುಕೊಳ್ಳಿ. ಆಟೊ ಸಿಗುವುದಿಲ್ಲ ಎಂಬ ಆತುರ ಬೇಡ. ಮೆಟ್ರೊ ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಹೊತ್ತಿನವರೆಗೆ ಓಡುತ್ತದೆ. ಆ ದಿನದ ಕೊನೆಯ ಗಾಡಿಯ ಸಮಯವನ್ನು ಹಿಂದಿನ ದಿನವೇ ನೋಡಿ ಬರೆದಿಟ್ಟುಕೊಳ್ಳಿ.

[ಪರದೆಯ ಮೇಲೆ: ಬೆಳಗಿನ ಲಾಲ್‌ಬಾಗ್, ಬಂಡೆಯ ಮೇಲೆ ಕೆಂಪೇಗೌಡರ ಗೋಪುರ.]

ಭಾನುವಾರ ಬೆಳಿಗ್ಗೆಯೂ ಅದೇ ಹಸಿರು ಗೆರೆ. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಉದ್ಯಾನ ಹತ್ತಿರವೇ. ಅಲ್ಲಿಯ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ತಿಂಡಿಗೆ ಗಾಂಧಿ ಬಜಾರ್, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ. ಸಾಲು ಉದ್ದವಿದ್ದರೆ ಪಕ್ಕದ ಯಾವ ಹೋಟೆಲ್ ಆದರೂ ಆದೀತು. ಇಷ್ಟು ಸಾಕು. ರೈಲಿಗೆ ಒಂದು ತಾಸು ಮೊದಲು ಯಶವಂತಪುರದಲ್ಲಿರಿ.

ಕಾಯ್ದಿರಿಸುವ ಕ್ರಮ ಹೀಗಿರಲಿ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ, ನಾಟಕಗಳ ಪಟ್ಟಿ ಅಷ್ಟು ಮುಂಚೆ ಬರುವುದು ಅಪರೂಪ. ಹಾಗಾಗಿ ಪಟ್ಟಿ ಬಂದ ದಿನವೇ ನಾಟಕದ ಟಿಕೆಟ್, ಆಗಲೇ ರೈಲಿನ ಟಿಕೆಟ್, ಹಣ ಮರಳಿ ಸಿಗುವ ಷರತ್ತಿನ ಕೋಣೆ. ರೈಲಿನಲ್ಲಿ ಜಾಗ ಸಿಗದಿದ್ದರೆ ಕೆಎಸ್‌ಆರ್‌ಟಿಸಿ ಬಸ್. ಮೂರೂ ಆದ ಮೇಲೆ ಹೊಸ ಪರ್ಯಾಯಗಳನ್ನು ಹುಡುಕುವುದನ್ನು ನಿಲ್ಲಿಸಿ. ಆತಂಕ ಯೋಜನೆಯ ವೇಷದಲ್ಲಿ ಬರುತ್ತದೆ, ಹೋಟೆಲ್‌ನ ಇಪ್ಪತ್ತನೇ ವಿಮರ್ಶೆಯನ್ನು ರಾತ್ರಿ ಒಂದು ಗಂಟೆಗೆ ಓದಿಸುತ್ತದೆ.

ಇನ್ನೊಂದು ಮಾತನ್ನು ಗಂಭೀರವಾಗಿ ಹೇಳಬೇಕು. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಆ ದಿನಕ್ಕೆ ಮಾತ್ರ. ಪ್ರತಿ ಸಲ ತಪ್ಪಿಸಿಕೊಂಡಂತೆ ಭಯ ಬೆಳೆಯುತ್ತದೆ, ಸಣ್ಣದಾಗಿ ಎದುರಿಸಿದಂತೆ ಕುಗ್ಗುತ್ತದೆ. ಆದರೆ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದರೆ, ನಿದ್ದೆ ಊಟಗಳೇ ಕೆಟ್ಟಿದ್ದರೆ, ಈ ವಿಡಿಯೋ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ.

[ಪರದೆಯ ಮೇಲೆ: ಮೈಸೂರಿನ ಕಲಾಮಂದಿರದ ಆವರಣ, ರಂಗಾಯಣದ ಫಲಕ.]

ಈ ಪ್ರವಾಸ ಮುಗಿದ ಮೇಲೆ ಎರಡನೆಯದು ಮೈಸೂರಿಗಿರಲಿ. ಅಲ್ಲಿ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣವಿದೆ, ಭೂಮಿಗೀತ ರಂಗಮಂದಿರವಿದೆ, ಬಹುರೂಪಿ ನಾಟಕೋತ್ಸವ ನಡೆಯುತ್ತದೆ. ನಗರ ಚಿಕ್ಕದು, ದಾರಿಗಳು ಸರಳ. ಆ ಪ್ರವಾಸದ ಯೋಜನೆಯನ್ನು, ನಾಟಕ ಆರಿಸುವುದರಿಂದ ಹಿಡಿದು ಮರಳುವ ರೈಲಿನವರೆಗೆ, ಮಗಳ ಕೈಗೆ ಕೊಡಿ. ಎಷ್ಟು ಖರ್ಚು ಮಾಡಬಹುದು, ಎಷ್ಟು ಗಂಟೆಯೊಳಗೆ ಕೋಣೆಗೆ ಮರಳಬೇಕು, ಇವೆರಡನ್ನು ಮಾತ್ರ ನೀವು ಹೇಳಿ.